ಗಾಜಿನ ಆಚೆ ನಲವತ್ತೊಂದು ಸೆಕೆಂಡು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಆಭರಣದ ಅಂಗಡಿಯೊಂದರ ಹೊರಬಾಗಿಲಿನ ಮುಂದೆ ಮೂವರು ಗಂಡಸರು ಒಬ್ಬ ಹೆಂಗಸಿನ ಕುತ್ತಿಗೆಗೆ ಪಿಸ್ತೂಲು ಹಿಡಿದರು. ಬಾಗಿಲು ತೆರೆಯುವ ಗುಂಡಿ ಒಳಗೆ ಮೇಜಿನ ಹಿಂದೆ ಕೂತಿದ್ದವನ ಕೈಯಳತೆಯಲ್ಲಿತ್ತು. ಅವನು ಆ ಹೆಂಗಸಿನ ಗಂಡ. ಅವನು ಗುಂಡಿ ಒತ್ತಲಿಲ್ಲ.

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗಾಜಮ್ಮ ಎನ್ನುತ್ತಿದ್ದರು. ಎರಡು ಪ್ರದರ್ಶನ ಕಿಟಕಿ, ಹನ್ನೆರಡು ಗಾಜಿನ ಪೆಟ್ಟಿಗೆ, ಎರಡು ಬಾಗಿಲು, ಇಷ್ಟನ್ನೂ ಒಂಬತ್ತು ವರ್ಷದಿಂದ ಒರೆಸುತ್ತಿದ್ದವಳು ಅವಳೇ. ಕಿಟಕಿಯಲ್ಲಿದ್ದ ಒಂದು ಹಾರದ ಬೆಲೆಗೆ ಅವರು ಬಾಡಿಗೆಗಿದ್ದ ಮನೆ, ಅದರ ಪಕ್ಕದ್ದು, ಎರಡೂ ಬರುತ್ತಿದ್ದವು. ಅವಳಿಗೆ ಹಾರದ ಚಿಂತೆ ಇರಲಿಲ್ಲ. ಅದರ ಮುಂದಿನ ಗಾಜಿನ ಮೇಲೆ ಜನ ಮೂಗು ಒತ್ತಿ ಬಿಟ್ಟುಹೋಗುವ ಕಲೆಯ ಚಿಂತೆಯಷ್ಟೇ.

ಅಂಗಡಿಗೆ ಒಂದರ ಹಿಂದೆ ಒಂದು ಬಾಗಿಲು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಳಗೆ ಬರುವವರು ಸಿಬ್ಬಂದಿಯಾದರೆ ಕಾರ್ಡನ್ನು ಗಾಜಿಗೆ ಹಿಡಿದು ತೋರಿಸಬೇಕು, ಬಾಗಿಲಿನವನು ನೋಡಿ ಗುಂಡಿ ಒತ್ತಬೇಕು. ಗಾಜಮ್ಮನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೀರೆಳೆಯುವ ರಬ್ಬರ್ ಪಟ್ಟಿ. ಕಾರ್ಡು ಒಳಗೆ ಚೀಲದಲ್ಲೇ ಉಳಿಯುತ್ತಿತ್ತು. ಹಾಗಾಗಿ ಗಂಡ ಹೆಂಡತಿ ತಮ್ಮಷ್ಟಕ್ಕೆ ಒಂದು ಏರ್ಪಾಡು ಮಾಡಿಕೊಂಡಿದ್ದರು. ಹೊರಗಿನ ಕೆಲಸ ಮುಗಿದ ಮೇಲೆ ಅವಳು ಬೆಳ್ಳಿ ಉಂಗುರದಿಂದ ಗಾಜಿಗೆ ಎರಡು ಸಲ ತಟ್ಟುವುದು, ಅವನು ತಲೆಯೆತ್ತದೆ ಗುಂಡಿ ಒತ್ತುವುದು. ಮ್ಯಾನೇಜರ್ ಮೇಡಮ್ಮಿಗೆ ಇದು ಗೊತ್ತಿತ್ತು. ಕಂಡೂ ಕಾಣದವರಂತೆ ಇದ್ದರು.

ಆ ದಿನ ಎರಡು ಸ್ಕೂಟರಿನಲ್ಲಿ ಬಂದ ಮೂವರಿಗೂ ಇದು ಗೊತ್ತಿತ್ತು. ಹೆಲ್ಮೆಟ್ ತೆಗೆಯದ ಒಬ್ಬ ಹಳೇ ಪರಿಚಯದವನ ಹಾಗೆ ಅವಳ ಹೆಗಲ ಮೇಲೆ ಕೈ ಹಾಕಿ, ಕಾಲರಿನ ಹತ್ತಿರ ತಣ್ಣಗಿನದೊಂದನ್ನು ಒತ್ತಿ, ದಿನಾ ಹೇಗೆ ತಟ್ಟುತ್ತೀಯೋ ಹಾಗೇ ತಟ್ಟು ಎಂದ.

ಅವಳು ತಟ್ಟಿದಳು. ಬೀಗ ಬಿಚ್ಚುವ ಟಕ್ ಎಂಬ ಸದ್ದಿಗೆ ಕಾದಳು. ಸದ್ದು ಬರಲಿಲ್ಲ. ಗಂಡ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಆಗಷ್ಟೇ ಒರೆಸಿದ ಗಾಜು, ಒಂದು ಕಲೆಯಿರಲಿಲ್ಲ. ಅವನ ಅಂಗಿಯ ಎರಡನೆಯ ಗುಂಡಿಗೆ ತಾನು ಹಾಕಿದ ಬೇರೆ ಬಣ್ಣದ ದಾರ ಕೂಡ ಅವಳಿಗೆ ಕಾಣುತ್ತಿತ್ತು. ಇನ್ನೊಮ್ಮೆ ತಟ್ಟಿದಳು. ಎರಡನೆಯವನು ಸುತ್ತಿಗೆಯಿಂದ ಗಾಜಿಗೆ ಹೊಡೆದ. ಬಿರುಕು ಜೇಡರ ಬಲೆಯಂತೆ ಹರಡಿತು, ಗಾಜು ಬೀಳಲಿಲ್ಲ. ಮೂರನೆಯವನು ಸ್ಕೂಟರಿನ ಮೇಲಿಂದಲೇ ಹೊರಡಿ ಹೊರಡಿ ಎಂದು ಕೂಗಿದ. ಪಿಸ್ತೂಲಿನವನು ಅದರ ಹಿಡಿಯಿಂದ ಅವಳ ಕಿವಿಯ ಮೇಲ್ಭಾಗಕ್ಕೆ ಒಂದು ಏಟು ಕೊಟ್ಟು ಬಿಟ್ಟುಹೋದ. ಬಕೆಟ್ಟು ಉರುಳಿ ನೀರು ಮೆಟ್ಟಿಲಿಳಿಯಿತು.

ಕ್ಯಾಮೆರಾದ ಪ್ರಕಾರ ಮೊದಲ ತಟ್ಟಿಗೂ ಕೊನೆಯ ಏಟಿಗೂ ನಡುವೆ ನಲವತ್ತೊಂದು ಸೆಕೆಂಡು.

ನಲವತ್ತು ನಿಮಿಷದ ನಂತರ ಅದೇ ಮೂವರು ಐದು ಬೀದಿ ಆಚೆಗಿನ ಇನ್ನೊಂದು ಅಂಗಡಿಗೆ ಹೋದರು. ಅಲ್ಲಿ ಒಬ್ಬ ಗಿರಾಕಿಯ ತಲೆಗೆ ಪಿಸ್ತೂಲು ಹಿಡಿದರು. ಬಾಗಿಲಿನಲ್ಲಿ ಕೂತಿದ್ದ ಹೆಂಗಸು ಬಾಗಿಲು ತೆರೆದಳು. ಎರಡು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಹನ್ನೊಂದು ಕೈಗಡಿಯಾರ, ಒಂದು ತಟ್ಟೆ ಉಂಗುರ ಹೋದವು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆ ಹೆಂಗಸನ್ನು ಮರುದಿನ ಕೆಲಸದಿಂದ ತೆಗೆದರು.

ಗಾಜಮ್ಮನ ಕಿವಿಗೆ ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿ ಸಂಜೆಗೆ ಮನೆಗೆ ಕಳಿಸಿದರು. ಗಂಡ ಅವಳಿಗೆ ದಿಂಬು ಇಟ್ಟ, ಸೂಪು ಕಾಯಿಸಿದ, ಉಪ್ಪು ಜಾಸ್ತಿ ಹಾಕಿದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮಾತ್ರೆಗಳನ್ನು ಚೀಟಿಯ ಜೊತೆ ತಾಳೆ ನೋಡುತ್ತ, ಬಾಗಿಲು ಯಾಕೆ ತೆಗೆಯಲಿಲ್ಲ ಎಂದು ಅಪ್ಪನನ್ನು ನೇರವಾಗಿ ಕೇಳಿದಳು.

"ಕೈ ಓಡಲಿಲ್ಲ ಕಣೇ," ಅಂದ ಅವನು. "ಮರಗಟ್ಟಿಹೋಯ್ತು."

ಗಾಜಮ್ಮ ಅದನ್ನು ನಂಬಿದಳು. ನಂಬಲು ಸುಲಭವಾಗಿತ್ತು. ಅವಳಿಗೂ ಕಾಲು ಮರಗಟ್ಟಿತ್ತು. ಅತ್ತೆ ಮಾತ್ರ, ಅದು ಆಟದ ಪಿಸ್ತೂಲೇ ಇರಬೇಕು, ಈಗಿನ ಕಳ್ಳರಿಗೆ ನಿಜವಾದ್ದು ಕೊಳ್ಳುವ ಯೋಗ್ಯತೆ ಎಲ್ಲಿದೆ ಎಂದು ಎಲ್ಲರಿಗೂ ಸಮಾಧಾನ ಹೇಳಿದರು.

ನಾಲ್ಕನೆಯ ದಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಒಳಗಿದ್ದ ಐವರ ಜೀವ ಉಳಿಸಿದ ಕಾವಲುಗಾರ ಎಂದು ಬರೆದಿದ್ದರು. ಅವಳ ಬಗ್ಗೆ, ಹೊರಗಿದ್ದ ಮಹಿಳೆಯೊಬ್ಬರಿಗೆ ಸಣ್ಣ ಗಾಯ ಎಂದಿತ್ತು. ಅತ್ತೆ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಹಾಲು ತೆಗೆಯಲು ಹೋದಾಗಲೆಲ್ಲ ಗಾಜಮ್ಮನಿಗೆ ಗಂಡನ ಮುಖ ಎದುರಾಗುತ್ತಿತ್ತು.

ಅಂಗಡಿಯವರು ಅವನಿಗೆ ಸಂಬಳ ಹೆಚ್ಚಿಸಿದರು, ಒಂದು ಕೈಗಡಿಯಾರ ಕೊಟ್ಟರು. ಕಿಟಕಿಯಲ್ಲಿ ಇಡುವಂಥದ್ದಲ್ಲ, ಆದರೂ ಅಂಗಡಿಯದೇ. ಅತ್ತೆ ಅದನ್ನು ಕಿವಿಗೆ ಹಿಡಿದು ನೋಡಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಕ್ಕರು. ಗಾಜಮ್ಮನಿಗೆ ಹತ್ತು ದಿನ ರಜೆ ಬೇಕಿತ್ತು. ಅವಳು ಅಂಗಡಿಯ ನೌಕರಳಲ್ಲ, ಶುಚಿ ಕೆಲಸದ ಗುತ್ತಿಗೆದಾರನ ಕಡೆಯವಳು, ರಜೆಯನ್ನು ಅವನಲ್ಲೇ ಕೇಳಬೇಕು ಎಂದರು ಅಂಗಡಿಯವರು. ಗುತ್ತಿಗೆದಾರ ಮೂರು ದಿನ ಕೊಟ್ಟ. ಏಟು ಬಿದ್ದಿದ್ದು ತಲೆಗೆ ತಾನೆ, ಕೈಗಲ್ಲವಲ್ಲ ಎಂದನಂತೆ.

ಆ ವಾರದಿಂದ ಗಾಜಮ್ಮನಿಗೆ ಮುಚ್ಚಿದ ಬಾಗಿಲು ಕಂಡರೆ ಆಗದಾಯಿತು. ಸ್ನಾನದ ಮನೆಯ ಬಾಗಿಲನ್ನೂ ಅರ್ಧ ತೆಗೆದಿಡುತ್ತಿದ್ದಳು. ಮನೆಯ ಮುಂಬಾಗಿಲು ಮುಚ್ಚದಂತೆ ಈರುಳ್ಳಿಯ ಬುಟ್ಟಿ ತಂದು ಅಡ್ಡ ಇಟ್ಟಳು. ಬೆಳಿಗ್ಗೆಯಿಂದ ಎಲ್ಲರೂ ಮಲಗುವವರೆಗೂ ಅದು ಅಲ್ಲೇ. ಮೇಲಿನ ಮನೆಯ ಬೆಕ್ಕು ಒಳಗೆ ಬಂದು ಹುರಿದಿಟ್ಟ ಮೀನು ತಿಂದುಹೋಯಿತು.

"ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕ್ತಾರೆ ಅಂತ ಗಾದೆ," ಅಂದರು ಅತ್ತೆ. "ನಮ್ಮನೇಲಿ ಉಲ್ಟಾ. ಕೊಳ್ಳೆಹೋದ ಮೇಲೆ ತೆಗೆದಿಡ್ತಾರೆ."

"ಇರ್ಲಿ ಬಿಡಿ ಅತ್ತೆ. ನಮ್ಮನೇಲಿ ಕದಿಯೋಕೆ ಏನಿದೆ?"

"ಈರುಳ್ಳಿ ಇದೆ. ಅದನ್ನೇ ಬಾಗಿಲಲ್ಲಿ ಇಟ್ಟಿದೀಯ, ಬನ್ನಿ ತಗೊಂಡು ಹೋಗಿ ಅಂತ."

ಗಂಡ ದಿನವೂ ಒಳಗೆ ಬರುವಾಗ ಬುಟ್ಟಿಯನ್ನು ದಾಟಿ ಬರುತ್ತಿದ್ದ. ಅದನ್ನು ಸರಿಸಲಿಲ್ಲ, ಅದರ ಬಗ್ಗೆ ಕೇಳಲೂ ಇಲ್ಲ.

ಎರಡನೆಯ ವಾರ ಠಾಣೆಯಿಂದ ಕರೆ ಬಂತು. ಮೂವರ ಎತ್ತರ, ನಡಿಗೆ ಗುರುತಿಸಲು ಚಿತ್ರ ತೋರಿಸಬೇಕಿತ್ತು. ಗಾಜಮ್ಮ ಒಬ್ಬಳೇ ಬಸ್ಸಿನಲ್ಲಿ ಹೋದಳು. ಬರುವಾಗ ಒಂದು ಡಜನ್ ಮೊಟ್ಟೆ ತರುತ್ತೇನೆ ಎಂದು ಹೇಳಿ ಹೋಗಿದ್ದಳು. ಇನ್‌ಸ್ಪೆಕ್ಟರ್ ಒಬ್ಬ ಹೆಂಗಸು. ನೀರು ಕೊಟ್ಟು, ಬೇಡವೆನಿಸಿದರೆ ಅಲ್ಲಿಗೇ ನಿಲ್ಲಿಸುತ್ತೇನೆ ಎಂದು ಹೇಳಿ, ಮೂರು ಕ್ಯಾಮೆರಾದ ಚಿತ್ರ ತೋರಿಸಿದರು. ಗಾಜಮ್ಮ ತನ್ನನ್ನು ಬೇರೆ ಯಾರೋ ಎಂಬಂತೆ ನೋಡಿದಳು. ನಾಲ್ಕನೆಯದು ಗಂಡನ ಮೇಜಿನ ಮೇಲ್ಗಡೆಯ ಕ್ಯಾಮೆರಾ. ಅದರಲ್ಲಿ ಕಳ್ಳರು ಸರಿಯಾಗಿ ಕಾಣುವುದಿಲ್ಲ, ಬಿಡಿ ಎಂದರು ಇನ್‌ಸ್ಪೆಕ್ಟರ್. ಆದರೆ ಅಷ್ಟರಲ್ಲಿ ಅದು ಓಡಲು ಶುರುವಾಗಿತ್ತು.

ಅವನು ಏನೋ ಬರೆಯುತ್ತಿದ್ದ. ತಟ್ಟಿದ ಹೊತ್ತಿಗೆ ತಲೆಯೆತ್ತದೆ ಬಲಗೈ ಮುಂದೆ ಹೋಯಿತು. ತೋರುಬೆರಳು ಗುಂಡಿಯ ಮೇಲೆ ಕೂತಿತು. ಯಾಕೋ ಆಗ ತಲೆಯೆತ್ತಿದ. ನೋಡಿದ. ಎಡಗೈ ಬಂದು ಬಲಗೈಯ ಮಣಿಕಟ್ಟನ್ನು ಹಿಡಿಯಿತು, ಅದನ್ನು ಗುಂಡಿಯಿಂದ ಎಳೆದು ತೊಡೆಯ ಮೇಲೆ ಇಟ್ಟಿತು, ಕೊನೆಯವರೆಗೂ ಬಿಡಲಿಲ್ಲ.

ಗಾಜಮ್ಮ ಇನ್ನೊಮ್ಮೆ ತೋರಿಸಿ ಎಂದಳು. ತೋರಿಸಿದರು. ಮತ್ತೊಮ್ಮೆ ಎಂದಳು.

"ಗಟ್ಟಿ ಮನುಷ್ಯರು ನಿಮ್ಮ ಯಜಮಾನರು," ಅಂದರು ಇನ್‌ಸ್ಪೆಕ್ಟರ್. ಆಮೇಲೆ ಅವಳ ಮುಖ ನೋಡಿ ಯಂತ್ರ ಆರಿಸಿದರು.

ಮೊಟ್ಟೆ ತರಲು ಅವಳಿಗೆ ನೆನಪಾಗಲಿಲ್ಲ. ಇಳಿಯಬೇಕಾದ ನಿಲ್ದಾಣವೂ ದಾಟಿಹೋಯಿತು. ಎರಡು ನಿಲ್ದಾಣ ವಾಪಸು ನಡೆದು ಮನೆಗೆ ಬಂದಾಗ ಗಂಡ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದ. ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದರು. ಅವಳು ಚೀಲ ಕೆಳಗಿಡದೆ ನಿಂತೇ ಕೇಳಿದಳು.

"ಕೈ ಓಡಲಿಲ್ಲ ಅಂದಿದ್ರಿ."

"ಹ್ಞೂಂ."

"ಓಡಿತ್ತು. ಗುಂಡಿ ಮೇಲೇ ಬಂದಿತ್ತು. ನೀವು ಹಿಡ್ಕೊಂಡ್ರಿ."

ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ಚು ಆರಿಸಿದ. ಅಂಗಿಯ ತೋಳನ್ನು ಸರಿಮಾಡಿದ. ಬಳಿಕ, ಒಳಗೆ ಐದು ಜನ ಇದ್ದರು ಎಂದ.

"ಎಣಿಸಿದ್ರಾ?"

"ಎಣಿಸ್ದೆ."

"ಆಗಲೇ? ಅಷ್ಟರಲ್ಲೇ?"

"ಅದೇ ನನ್ನ ಕೆಲಸ. ಯಾರು ಒಳಗೆ, ಯಾರು ಹೊರಗೆ ಅಂತ ಯಾವಾಗ್ಲೂ ತಲೇಲಿರುತ್ತೆ. ತೆಗೆದಿದ್ರೆ ನಾವಿಬ್ರೂ ಸೇರಿ ಏಳು ಜನ ಅವರ ಕೈಗೆ ಸಿಕ್ತಿದ್ವಿ."

"ಹೊರಗೆ ಒಬ್ಬಳೇ."

ಅವನು ಅಂಗಿಯನ್ನು ಹ್ಯಾಂಗರಿಗೆ ಹಾಕಿದ. ಅಂಗಡಿಯಲ್ಲಿ ಅವನ ಮೇಜಿನ ಡ್ರಾಯರಿನಲ್ಲಿರುವ ನಿಯಮದ ಹಾಳೆಯನ್ನು ಅವಳು ಎಷ್ಟೋ ಸಲ ಧೂಳು ಒರೆಸುವಾಗ ಓದಿದ್ದಳು. ಹೊರಗೆ ಯಾರೇ ಇರಲಿ, ಅವರಿಗೆ ಯಾವುದೇ ಬೆದರಿಕೆ ಇರಲಿ, ಬಾಗಿಲು ತೆರೆಯತಕ್ಕದ್ದಲ್ಲ. ಕೆಳಗೆ ಇಪ್ಪತ್ತೆರಡು ವರ್ಷದ ಅವನ ಇಪ್ಪತ್ತೆರಡು ಸಹಿ. ಯಾರೇ ಎಂಬ ಮಾತಿನಲ್ಲಿ ತಾನೂ ಇದ್ದೇನೆ ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಬೀನ್ಸಿನ ಬಟ್ಟಲು ಹಿಡಿದ ಅತ್ತೆ, ಆದದ್ದು ಆಯಿತು, ಆಟದ ಪಿಸ್ತೂಲಿಗೆ ಇಷ್ಟು ರಾದ್ಧಾಂತ ಯಾಕೆ ಎಂದರು. ಗಾಜಮ್ಮ ಒಳಗೆ ಹೋಗಿ ಮಗಳ ಕೋಣೆಯಲ್ಲಿ ತನ್ನ ಹಾಸಿಗೆ ಹಾಕಿಕೊಂಡಳು. ಮರುದಿನದಿಂದ ಗಂಡ ಹೆಂಡತಿ ಒಂದೇ ಅಂಗಡಿಗೆ ಬೇರೆ ಬೇರೆ ಬಸ್ಸಿನಲ್ಲಿ ಹೋಗತೊಡಗಿದರು. ಅವಳು ಚೀಲದಿಂದ ಕಾರ್ಡು ತೆಗೆದು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಳು. ಹೊರಗಿನ ಗಾಜು ಒರೆಸಿದ ಮೇಲೆ ಬಕೆಟ್ಟು ಕೆಳಗಿಟ್ಟು, ಕೈ ಒರೆಸಿಕೊಂಡು, ಕಾರ್ಡು ಗಾಜಿಗೆ ಹಿಡಿಯುತ್ತಿದ್ದಳು. ಅವನು ನೋಡಿ ಗುಂಡಿ ಒತ್ತುತ್ತಿದ್ದ. ಈಗೆಲ್ಲ ನಿಯಮದ ಪ್ರಕಾರ ನಡೆಯುತ್ತಿದೆ ಎಂದು ಮ್ಯಾನೇಜರ್ ಮೇಡಂ ಮೆಚ್ಚಿಕೊಂಡರು.

ಮೂರನೆಯ ವಾರ ಮೂವರೂ ಸಿಕ್ಕಿಬಿದ್ದರು. ಸುದ್ದಿ ತಂದವಳು ಮಗಳು. ಎಲ್ಲರೂ ಊಟಕ್ಕೆ ಕೂತಿದ್ದರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬೆಳಗಿನ ಬ್ರೆಡ್ಡು. ಅವಳು ಫೋನಿನಿಂದ ಓದಿ ಹೇಳಿದಳು. ಗಡಿಯಾರಗಳಲ್ಲಿ ಒಂಬತ್ತು ಸಿಕ್ಕಿವೆ. ಪಿಸ್ತೂಲು ಸಿಕ್ಕಿದೆ. ಅದರಲ್ಲಿ ನಾಲ್ಕು ಗುಂಡು ಇದ್ದವು.

ಅತ್ತೆ ಬಾಯಿಗೆ ಒಯ್ದಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ನಿಜವಾದ ಗುಂಡಾ?"

"ಹ್ಞೂಂ ಅಜ್ಜಿ. ನಾಲ್ಕು."

ಅತ್ತೆ ಎದ್ದು ಫ್ರಿಜ್ಜಿನ ಹತ್ತಿರ ಹೋದರು. ಪತ್ರಿಕೆಯ ತುಂಡನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತರು. ಅಂಟು ಗಟ್ಟಿಯಾಗಿತ್ತು, ಒಂದು ಮೂಲೆ ಅಲ್ಲೇ ಉಳಿಯಿತು. ವಾಪಸು ಬಂದು ಕೂತು ಮಗನ ಕಡೆ ತಿರುಗಿದರು.

"ಅಲ್ಲಿ ನಾನು ನಿಂತಿದ್ರೆ ತೆಗೀತಿದ್ಯೇನೋ?"

"ಅಮ್ಮ, ಊಟ ಮಾಡು."

"ಕೇಳಿದ್ದಕ್ಕೆ ಹೇಳು. ಹೆತ್ತೋಳು ಕೇಳ್ತಿದೀನಿ."

"ನಾನು ನಿಂತಿದ್ರೆ, ಅಪ್ಪ?" ಅಂದಳು ಮಗಳು.

ಅವನು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ. ಪೇಪರಿನವರು ನಲವತ್ತೊಂದು ಸೆಕೆಂಡು ಅಂತ ಬರೆದಿದ್ದಾರೆ, ಅದು ಎಷ್ಟು ಹೊತ್ತು ಅಂತ ಯಾರಿಗಾದರೂ ಗೊತ್ತಾ ಎಂದು ಕೇಳಿ ಮಗಳು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಅಂಕಿಗಳು ಓಡತೊಡಗಿದವು. ಹತ್ತಕ್ಕೆ ಅತ್ತೆ ಸಾಕು ಎಂದರು. ಹದಿನೆಂಟಕ್ಕೆ ತೆರೆದ ಬಾಗಿಲಿನಿಂದ ಬೆಕ್ಕು ಬಂದು ಇವರನ್ನೆಲ್ಲ ನೋಡಿ ನಿಂತಿತು. ಇಪ್ಪತ್ತೈದಾದ ಮೇಲೆ ಗಾಜಮ್ಮ ಅಂಕಿ ನೋಡುವುದನ್ನು ಬಿಟ್ಟು ಗಂಡನ ಕೈ ನೋಡಿದಳು. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಮೂವತ್ತಾರಕ್ಕೆ ಅವನು ಎದ್ದು, ತಟ್ಟೆ ಬಿಟ್ಟು, ಈರುಳ್ಳಿ ಬುಟ್ಟಿ ದಾಟಿ ಹೊರಗೆ ಹೋದ.

"ಇನ್ನೂ ಐದು ಇತ್ತು," ಅಂದಳು ಮಗಳು.

"ಸಾಕು ಮಾಡೇ," ಅಂದಳು ಗಾಜಮ್ಮ. ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಯಾಕೆ ಮುಚ್ಚಿಟ್ಟೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತೆ ಮಗನಿಗೆ ಊಟ ಬಡಿಸುತ್ತಿದ್ದರು, ಮಾತು ಬಡಿಸುತ್ತಿರಲಿಲ್ಲ. ಮಗಳು ಅಪ್ಪನಿದ್ದ ಕೋಣೆಯಿಂದ ಫೋನು ಹಿಡಿದುಕೊಂಡು ಎದ್ದು ಹೋಗುತ್ತಿದ್ದಳು. ಅವನು ಮನೆಯ ನೆಲ ಒರೆಸಿದ, ನಲ್ಲಿ ರಿಪೇರಿ ಮಾಡಿದ, ಅರ್ಧ ದಿನ ರಜೆ ಹಾಕಿ ಹೆಂಡತಿಯನ್ನು ಕಿವಿಯ ಗಾಯ ತೋರಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಒಂದೇ ಒಂದು ಮಾತು ಹೇಳಿದ. ಆ ಕೈಗಡಿಯಾರವನ್ನು ವಾಪಸು ಕೊಟ್ಟರೆ ತಗೊಳ್ಳುವುದಿಲ್ಲ ಎಂದರಂತೆ ಅಂಗಡಿಯವರು. ನೀವು ಕೊಡಲು ಹೋಗಿದ್ರಾ ಎಂದು ಕೇಳಬೇಕೆನಿಸಿತು ಅವಳಿಗೆ. ಕೇಳಲಿಲ್ಲ.

ಐದನೆಯ ವಾರ ಮ್ಯಾನೇಜರ್ ಮೇಡಂ ಇಬ್ಬರನ್ನೂ ಕೋಣೆಗೆ ಕರೆದರು. ಕಂಪನಿಯ ಎಲ್ಲ ಅಂಗಡಿಗಳಿಗೂ ತೋರಿಸಲು ಒಂದು ತರಬೇತಿ ಚಿತ್ರ ಮಾಡುತ್ತಾರೆ. ನಡೆದದ್ದನ್ನು ನಡೆದ ಹಾಗೇ, ನಿಜವಾದವರೇ ಮಾಡಿದರೆ ನೋಡುವವರ ಮನಸ್ಸಿಗೆ ನಾಟುತ್ತದೆ. ಭಾನುವಾರ ಅಂಗಡಿಗೆ ರಜೆ, ಎರಡು ಗಂಟೆಯ ಕೆಲಸ. ಗುತ್ತಿಗೆದಾರನಿಗೆ ಹೇಳಿ ಅವಳಿಗೆ ಪೂರಾ ಒಂದು ದಿನದ ಕೂಲಿ ಕೊಡಿಸುತ್ತಾರೆ.

ಅವನು ಬೇಡ ಮೇಡಂ ಎಂದ. ಗಾಜಮ್ಮ ಬರುತ್ತೇನೆ ಎಂದಳು.

ಮನೆಯಲ್ಲಿ ಅತ್ತೆ ಕೇಳಿ ದಂಗಾದರು. ಗಾಯದ ಮೇಲೆ ನೀನೇ ಬರೆ ಎಳೆದುಕೊಳ್ಳುತ್ತೀಯಲ್ಲೇ ಎಂದರು. ಗಾಜಮ್ಮ ಪಾತ್ರೆ ತೊಳೆಯುತ್ತಲೇ ಉತ್ತರಿಸಿದಳು.

"ಅವತ್ತು ಹೆದರಿಕೇಲಿ ಸರಿಯಾಗಿ ನೋಡಲಿಲ್ಲ ಅತ್ತೆ. ಇನ್ನೊಂದು ಸಲ ನೋಡ್ತೀನಿ."

ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸೇರಿದರು. ಬಾಗಿಲಿಗೆ ಹೊಸ ಗಾಜು ಬಂದಿತ್ತು. ಕೂರಿಸಿದವರ ಕೈಗುರುತು ಅದರ ಮೇಲೆ ಹಾಗೇ ಇತ್ತು. ಗಾಜಮ್ಮ ಯಾರೂ ಹೇಳದಿದ್ದರೂ ಮೊದಲು ಅದನ್ನು ಒರೆಸಿದಳು. ಕ್ಯಾಮೆರಾದ ಯುವಕ ಕಾದ. ಕಳ್ಳನ ಪಾತ್ರ ಅಂಗಡಿಯ ಗಡಿಯಾರ ರಿಪೇರಿಯವರದು. ಐವತ್ತೆಂಟು ವಯಸ್ಸಿನ, ಜೋರಾಗಿ ಸೀನಿದರೂ ಕ್ಷಮೆ ಕೇಳುವ ಮನುಷ್ಯ. ಹೆಲ್ಮೆಟ್ಟಿನೊಳಗಿಂದ, ತಪ್ಪು ತಿಳಿಯಬೇಡ ತಾಯಿ ಎಂದು ಹೇಳಿ, ಪ್ಲಾಸ್ಟಿಕ್ ಪಿಸ್ತೂಲನ್ನು ಅವಳ ಕುತ್ತಿಗೆಗೆ ತಾಗದಂತೆ ಎರಡು ಇಂಚು ದೂರ ಹಿಡಿದರು.

ಗಾಜಮ್ಮ ಎರಡು ಸಲ ತಟ್ಟಿದಳು.

ಟಕ್ ಎಂದಿತು. ಬಾಗಿಲು ತೆರೆಯಿತು.

ಕ್ಯಾಮೆರಾದ ಯುವಕ ನಕ್ಕು, ಅಂಕಲ್, ತೆಗೆಯಬಾರದು, ಅದೇ ತಾನೆ ವಿಷಯ ಎಂದ. ಒಳಗಿದ್ದವನು ತಲೆಯಾಡಿಸಿದ. ಬಾಗಿಲು ಮುಚ್ಚಿದರು. ಅವಳು ಮೆಟ್ಟಿಲಿಗೆ ವಾಪಸು ಬಂದು ನಿಂತಳು, ಬಕೆಟ್ಟು ಎತ್ತಿಕೊಂಡಳು. ಪಿಸ್ತೂಲು ಬಂತು. ತಟ್ಟಿದಳು. ಎರಡನೆಯ ತಟ್ಟು ಮುಗಿಯುವ ಮೊದಲೇ ಟಕ್ ಎಂದಿತು.

ಮೂರನೆಯ ಸಲ ಮ್ಯಾನೇಜರ್ ಮೇಡಂ ಅವನ ಪಕ್ಕದಲ್ಲೇ ಬಂದು ನಿಂತರು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ, ಅವತ್ತಿನ ಹಾಗೆ, ಎಂದರು. ಅವನು ಇಟ್ಟುಕೊಂಡ. ಎಡಗೈಯಿಂದ ಬಲಗೈ ಹಿಡಿದುಕೊಂಡ. ಗಾಜಮ್ಮ ಹೊರಗಿನಿಂದ ಅದನ್ನೆಲ್ಲ ನೋಡುತ್ತಿದ್ದಳು. ಗಾಜಿನ ಮೇಲೆ ಒಂದು ಕಲೆಯಿರಲಿಲ್ಲ. ಅವಳು ತಟ್ಟಿದಳು. ಹಿಡಿದ ಕೈ, ಹಿಡಿಸಿಕೊಂಡ ಕೈ, ಎರಡೂ ಒಟ್ಟಿಗೆ ಮೇಲೆದ್ದು ಗುಂಡಿಯ ಮೇಲೆ ಬಿದ್ದವು.

ಬಾಗಿಲುಗಳೆರಡೂ ತೆರೆದ ಮೇಲೆ ಒಳಗಿನ ಮಾತು ಅವಳಿಗೆ ಕೇಳಿಸಿತು.

"ನನ್ನ ಕೈಲಿ ಆಗಲ್ಲ ಮೇಡಂ."

"ಅವತ್ತು ಆಗಿತ್ತಲ್ಲ?"

"ಅವತ್ತು ಆಗಿತ್ತು," ಅಂದ ಅವನು.

ಹೊತ್ತು ಹೋಗುತ್ತಿದೆ ಎಂದು ಕ್ಯಾಮೆರಾದ ಯುವಕ ನೆನಪಿಸಿದ. ಗಡಿಯಾರದವರಿಗೆ ಸಮವಸ್ತ್ರದ ಕೋಟು ತೊಡಿಸಿ ಕುರ್ಚಿಯಲ್ಲಿ ಕೂರಿಸಿದರು. ಪಿಸ್ತೂಲು ಅಂಗಡಿಯ ಡ್ರೈವರನ ಕೈಗೆ ಹೋಯಿತು. ನಾಲ್ಕನೆಯ ಸಲ ಗಾಜಮ್ಮ ತಟ್ಟಿದಾಗ ಬಾಗಿಲು ತೆರೆಯಲಿಲ್ಲ. ನಲವತ್ತೊಂದು ಸೆಕೆಂಡು ಆಗುವವರೆಗೂ ಅವಳು ನಿಂತಿದ್ದಳು. ಚೆನ್ನಾಗಿ ಬಂತು ಎಂದರು.

ಅವನನ್ನು ಮ್ಯಾನೇಜರ್ ಮೇಡಂ ಮಾತಾಡಬೇಕು ಎಂದು ಉಳಿಸಿಕೊಂಡರು. ಗಾಜಮ್ಮ ಒಂದು ದಿನದ ಕೂಲಿ ತೆಗೆದುಕೊಂಡು, ದಾರಿಯಲ್ಲಿ ಒಂದು ಡಜನ್ ಮೊಟ್ಟೆ ಕೊಂಡು ಮನೆಗೆ ಬಂದಳು. ಏನಾಯಿತು ಎಂದು ಅತ್ತೆ ಕೇಳಿದ್ದಕ್ಕೆ, ಮೂರು ಸಲ ತೆಗೆದರು ಎಂದಷ್ಟೇ ಹೇಳಿದಳು.

"ಈಗ ತೆಗೆದು ಏನು ಬಂತೇ?" ಅಂದರು ಅತ್ತೆ.

"ಏನೂ ಬರಲಿಲ್ಲ."

ಅಡುಗೆಗೆ ಈರುಳ್ಳಿ ಬೇಕಿತ್ತು. ಬಾಗಿಲಿನಿಂದ ಬುಟ್ಟಿಯನ್ನು ಪೂರ್ತಿ ಎತ್ತಿ ತಂದು ಒಲೆಯ ಪಕ್ಕದಲ್ಲಿ ಇಟ್ಟಳು. ಹಿಂದೆಯೇ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮಗಳು ಫೋನಿನಿಂದ ತಲೆಯೆತ್ತಿ ನೋಡಿದಳು.

ಮುಕ್ಕಾಲು ಗಂಟೆಯ ನಂತರ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಮಗಳು ಏಳಲು ಹೋದಳು. ಅತ್ತೆ ಅವಳ ಮಣಿಕಟ್ಟು ಹಿಡಿದು ಕೂರಿಸಿದರು. ಗಾಜಮ್ಮ ಕೈಯಲ್ಲಿದ್ದ ಈರುಳ್ಳಿಯನ್ನು ಹೆಚ್ಚಿ ಮುಗಿಸಿದಳು, ಚಾಕು ತೊಳೆದಳು, ಕೈ ಒರೆಸಿಕೊಂಡಳು. ಎಷ್ಟು ಹೊತ್ತಾಯಿತು ಎಂದು ಯಾರೂ ಎಣಿಸಲಿಲ್ಲ. ಅವನು ಇನ್ನೊಮ್ಮೆ ತಟ್ಟಲಿಲ್ಲ, ಅಲ್ಲೇ ನಿಂತಿದ್ದ. ಅವಳು ಹೋಗಿ ಬಾಗಿಲು ತೆಗೆದಳು.

ಸೋಮವಾರದಿಂದ ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಹೆಚ್ಚಿಸಿದ ಸಂಬಳವನ್ನು ಹಿಂತೆಗೆದುಕೊಂಡರು. ಬಾಗಿಲಿಗೆ ಬಂದ ಹೊಸಬ ಕಾರ್ಡು ನೋಡಿದ ಮೇಲಷ್ಟೇ ಗುಂಡಿ ಒತ್ತುತ್ತಾನೆ.